ಲಕ್ಷ್ಮಕ್ಕ ನೀರಿಗಿಳಿದದ್ದು

ಮಂಜು ಬೀಳುವ ಬೆಳಗುಗಳಲ್ಲಿ ಸೂಳೆಕೆರೆಗೆ ಆಚೆ ದಡ ಇರುವುದಿಲ್ಲ. ನೀರು ಹೋಗುತ್ತ ಹೋಗುತ್ತ ಬೆಳ್ಳಗಾಗಿ ಅದೇ ಆಕಾಶವಾಗಿಬಿಡುತ್ತದೆ. ಅಂಥ ಹೊತ್ತಿನಲ್ಲಿ ದಂಡೆಯ ಕಲ್ಲಿನ ಮೇಲೆ ಕೂತು ಗಂಡನ ತೆಪ್ಪಕ್ಕೆ ಕಾಯುವ ಲಕ್ಷ್ಮಕ್ಕನಿಗೆ, ಮಗಳು ಗಂಗೋತ್ರಿ ಸೇರಿದ ಸೈನಿಕ ಅಕಾಡೆಮಿ ಆ ಬಿಳುಪಿನ ಹಿಂದೆಯೇ ಎಲ್ಲೋ ಇದೆ ಅನ್ನಿಸುತ್ತಿತ್ತು. ಅದು ಪುಣೆಯ ಹತ್ತಿರ ಇರುವುದು, ದಾವಣಗೆರೆಯಲ್ಲಿ ರೈಲು ಹತ್ತಿ ಒಂದು ರಾತ್ರಿ ಹೋಗಬೇಕು ಎಂಬುದೆಲ್ಲ ಅವಳಿಗೆ ಗೊತ್ತು. ಆದರೆ ಅಲ್ಲಿಯೂ ಒಂದು ದೊಡ್ಡ ಕೆರೆ ಇದೆ, ಸುತ್ತ ಗುಡ್ಡಗಳಿವೆ ಎಂದು ಮಗಳು ಒಮ್ಮೆ ಫೋನಿನಲ್ಲಿ ಹೇಳಿದ್ದಳು. ಅವತ್ತಿನಿಂದ ಅವಳ ಮನಸ್ಸಿನಲ್ಲಿ ಎರಡು ಕೆರೆಗಳೂ ಸೇರಿ ಒಂದೇ ನೀರಾಗಿದ್ದವು. ಈ ದಂಡೆಯಲ್ಲಿ ತಾನು, ಆ ದಂಡೆಯಲ್ಲಿ ಮಗಳು. ಮಂಜು ಸರಿದು ಆಚೆಯ ಗುಡ್ಡ, ತೋಟ, ಕರೆಂಟು ಕಂಬ ಕಾಣಿಸಿಕೊಂಡಾಗ ಅವಳಿಗೆ ಯಾರೋ ಮೋಸ ಮಾಡಿದಂತೆ ಆಗುತ್ತಿತ್ತು.

ಲಕ್ಷ್ಮಕ್ಕ ಹುಟ್ಟಿದ್ದು ಜಗಳೂರಿನ ಕಡೆ. ಅಲ್ಲಿ ನೀರು ಎಂದರೆ ಕೊಡದಲ್ಲಿರುವುದು, ಇಲ್ಲವೆ ಬೋರಿನ ಪಕ್ಕದ ತೊಟ್ಟಿಯಲ್ಲಿರುವುದು. ಮದುವೆಯಾಗಿ ಬಂದ ದಿನ ಏರಿ ಹತ್ತಿ ಕೆರೆ ನೋಡಿದವಳು, ‘ಇದನ್ನ ರಾತ್ರಿ ಹೊತ್ತು ಯಾರು ಕಾಯ್ತಾರೆ’ ಎಂದು ಕೇಳಿದ್ದಳಂತೆ. ಮೀನುಗಾರರ ಕೇರಿಯಲ್ಲಿ ಆ ಮಾತನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಇಷ್ಟು ವರ್ಷ ಆ ನೀರಿನ ಮೀನನ್ನೇ ಮಾರಿ ಬದುಕಿದರೂ ಅವಳು ಮೊಣಕಾಲಿಗಿಂತ ಮೇಲೆ ನೀರು ಕಂಡವಳಲ್ಲ. ಕಾಣುವ ಪ್ರಸಂಗವೂ ಇರಲಿಲ್ಲ. ಆ ಕೇರಿಯ ಹೆಂಗಸರು ತೆಪ್ಪ ಹತ್ತುವುದಿಲ್ಲ, ಬಲೆ ಬಿಟ್ಟ ನೀರಿಗೆ ಇಳಿಯುವುದಿಲ್ಲ. ಇಳಿದರೆ ಮೀನು ದೂರ ಸರಿಯುತ್ತವೆ ಎಂದು ಹಿಂದಿನಿಂದ ನಂಬಿಕೆ. ಗಂಡಸರು ತೆಪ್ಪವನ್ನು ದಂಡೆಗೆ ತಂದು ನಿಲ್ಲಿಸಿದರೆ ಹೆಂಗಸರು ಹೊರಗಿನಿಂದಲೇ ಕೈಚಾಚಿ ಮೀನು ಎತ್ತಿಕೊಳ್ಳಬೇಕು. ಗಂಗೋತ್ರಿಯೂ ಹಾಗೆಯೇ ಬೆಳೆದಳು. ದಂಡೆಯಲ್ಲಿ ಮೀನಿನ ಬುಟ್ಟಿ ಪಕ್ಕ ಕೂತು ಓದಿದಳು, ಏರಿಯ ಮೇಲೆ ಓಡಿ ಓಡಿ ದಮ್ಮು ಕಟ್ಟುವುದನ್ನು ಕಲಿತಳು, ಚನ್ನಗಿರಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬಂದಳು. ಕೊನೆಗೆ ಕೇರಿಯಲ್ಲಿ ಯಾರೂ ಹೆಸರು ಕೇಳಿರದ ಒಂದು ಪರೀಕ್ಷೆ ಪಾಸು ಮಾಡಿ, ಆಷಾಢದ ಗಾಳಿಯಲ್ಲಿ ಕಪ್ಪು ಟ್ರಂಕು ಹಿಡಿದು ಹೊರಟುಹೋದಳು.

ಮೊದಮೊದಲು ಫೋನೇ ಇರಲಿಲ್ಲ. ಆಮೇಲೆ ಒಂದು ಭಾನುವಾರ ವಿಡಿಯೋದಲ್ಲಿ ಕೂದಲು ಕತ್ತರಿಸಿದ, ಕೆನ್ನೆ ಒಳಗೆ ಹೋದ, ಬಿಸಿಲಿಗೆ ಕಂದಿದ ಒಂದು ಮುಖ ಬಂದು ‘ಅವ್ವ’ ಎಂದಿತು. ಲಕ್ಷ್ಮಕ್ಕ ಆ ಮುಖವನ್ನು ನೋಡಿದಳೇ ಹೊರತು ಏನು ಮಾತಾಡಿದಳೋ ಅವಳಿಗೆ ನೆನಪಿಲ್ಲ.

ರಸ್ತೆ ಬದಿಯಲ್ಲಿ ಮೀನು ಮಾರಲು ಕೂತಾಗ ಪಕ್ಕದ ಗಾದ್ರಮ್ಮ ಬಿಡುತ್ತಿರಲಿಲ್ಲ. ಗಾದ್ರಮ್ಮನಿಗೆ ವಯಸ್ಸಾಗಿತ್ತು, ಹಲ್ಲು ಕಡಿಮೆಯಾಗಿದ್ದವು, ನಾಲಿಗೆ ಮಾತ್ರ ಹಾಗೇ ಇತ್ತು.

“ನಿನ್ ಮಗಳಿಗೆ ಬಂದೂಕ ಕೊಟ್ರೇನೇ?”

“ಇನ್ನೂ ಇಲ್ಲಂತೆ. ಬೂಟಿಗೆ ಪಾಲಿಶ್ ಹಾಕಾಕೆ ಕಲಿಸ್ತಾ ಅದಾರಂತೆ.”

“ಅದನ್ನ ಕಲಿಯಾಕೆ ಅಷ್ಟು ದೂರ ಹೋಗ್ಬೇಕಿತ್ತಾ? ಚನ್ನಗಿರಿ ಬಸ್ ಸ್ಟ್ಯಾಂಡಿನಾಗೆ ಕೂತಿದ್ರೆ ನಾಕು ಕಾಸಾದ್ರೂ ಸಿಗ್ತಿತ್ತು.”

ಲಕ್ಷ್ಮಕ್ಕ ನಕ್ಕಳು. ನಗುತ್ತಲೇ ಜಿಲೇಬಿ ಮೀನಿನ ಮೇಲೆ ನೀರು ಚಿಮುಕಿಸಿದಳು.

ದಸರಾ ಹತ್ತಿರ ಬಂದಾಗ ಆ ಫೋನು ಬಂತು. ಮಗಳು ವಿಡಿಯೋ ಹಾಕಿರಲಿಲ್ಲ. ದನಿ ಸಣ್ಣದಾಗಿತ್ತು.

“ಅವ್ವ, ನಂಗೆ ಆಗ್ತಿಲ್ಲ.”

“ಓಡಾಕೆ ಆಗ್ತಿಲ್ವಾ?”

“ಓಡ್ತೀನಿ. ಹುಡುಗರ ಸಮಕ್ಕೆ ಓಡ್ತೀನಿ. ನೀರಿನ್ದೇ ಕಷ್ಟ. ಇಲ್ಲಿ ದೊಡ್ಡ ಈಜುಕೊಳ ಐತೆ. ಮ್ಯಾಲಿಂದ ಧುಮುಕಬೇಕು, ಈ ತುದಿಯಿಂದ ಆ ತುದಿಗೆ ಈಜಬೇಕು. ಆಗದಿದ್ರೆ ನನ್ನ ಜೊತೆಯವರೆಲ್ಲ ಮುಂದಕ್ಕೆ ಹೋಗ್ತಾರೆ, ನಾನೊಬ್ಳೇ ಹಿಂದೆ ಉಳಿತೀನಿ. ಮ್ಯಾಲೆ ಹತ್ತಿ ನಿಂತ್ರೆ ಕಾಲು ಹಲಗೆಗೆ ಅಂಟಿಕೊಂಡುಬಿಡ್ತವೆ.”

“ನೀರಿಗೆ ಯಾಕವ್ವಾ ಅಂಜ್ತೀಯ? ಕೆರೆ ದಂಡೆಯಾಗೆ ಹುಟ್ಟಿದೋಳು ನೀನು.”

“ದಂಡೆಯಾಗೇ ತಾನೇ ಹುಟ್ಟಿದ್ದು? ನೀನು ಒಂದಿನ ಆದ್ರೂ ಇಳ್ದೀಯೇನು?”

ಅತ್ತ ಕಡೆ ಯಾರೋ ಸೀಟಿ ಊದಿದ್ದು ಕೇಳಿಸಿತು. ಮಗಳು ಅವಸರದಲ್ಲಿ ಹೇಳಿದಳು.

“ನೀನು ಬಾ ಅಂದ್ರೆ ಬಂದ್ಬಿಡ್ತೀನವ್ವ. ಅಪ್ಪನ್ನ ಕೇಳಲ್ಲ, ಅಪ್ಪ ಇರು ಅಂತಾನೆ. ಟೆಸ್ಟು ಬರೋ ತಿಂಗಳು ಐತೆ. ಅಷ್ಟರಾಗೆ ನೀನೇ ಹೇಳು.”

ಫೋನು ಕಟ್ಟಾದ ಮೇಲೆ ಲಕ್ಷ್ಮಕ್ಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಬಾ ಎನ್ನುವುದು ಸುಲಭ. ಇರು ಎನ್ನುವುದೂ ಸುಲಭ. ಆದರೆ ಮಗಳು ಹೆದರುತ್ತಿರುವ ನೀರು ಒಳಗೆ ಹೇಗಿರುತ್ತದೆ ಎಂಬುದೇ ತನಗೆ ಗೊತ್ತಿಲ್ಲವಲ್ಲ. ತಾನೂ ಅದಕ್ಕೇ ಹೆದರಿ, ಇಷ್ಟು ವರ್ಷ ಅದರ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕೂತವಳು. ಕಾಣದ ಊರಿಗೆ ಹೋಗು ಅಂತಲೋ, ಹೋಗಬೇಡ ಅಂತಲೋ ಹೇಗೆ ಹೇಳುವುದು? ಮುಂದಿನ ದಿನಗಳಲ್ಲಿ ಅವಳು ಮೀನು ತೂಗುವಾಗ, ಒಲೆ ಮುಂದೆ ಕೂತಾಗ, ಕಣ್ಣು ಎಲ್ಲೋ ಇಟ್ಟುಕೊಂಡಿರುತ್ತಿದ್ದಳು. ಎತ್ತರದ ಹಲಗೆಯ ಮೇಲೆ ಮಗಳು ನಿಂತಿರುವುದು, ಕೆಳಗೆ ನೀಲಿ ನೀರು ಬಾಯಿ ತೆರೆದಿರುವುದು ಕಾಣುತ್ತಿತ್ತು. ಕೆಲವೊಮ್ಮೆ ಹಲಗೆಯ ಮೇಲೆ ಮಗಳ ಬದಲು ತಾನೇ ನಿಂತಿರುತ್ತಿದ್ದಳು, ಸೊಂಟದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು.

ಒಂದು ಮುಂಜಾನೆ ಗಂಡ ತಿಪ್ಪೇಶಪ್ಪ ತೆಪ್ಪವನ್ನು ನೀರಿಗೆ ದೂಡುವಾಗ ಅವಳು ಹಿಂದೆ ಬಂದು ನಿಂತಳು. ಮಗಳು ಮನೆಯಲ್ಲಿ ಬಿಟ್ಟುಹೋಗಿದ್ದ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡಿದ್ದಳು. ಮೇಲೆ ಗಂಡನದೇ ಹಳೇ ಅಂಗಿ.

ತಿಪ್ಪೇಶಪ್ಪ ಮೇಲಿಂದ ಕೆಳಗೆ ನೋಡಿದ. “ಇದೇನೇ ವೇಷ?”

“ನಂಗೆ ಈಜು ಕಲಿಸ್ರಿ.”

“ಈ ವಯಸ್ಸಿನಾಗೆ?”

“ನಿಮ್ ಮಗಳು ಕೇಳ್ಯಾಳೆ, ನೀನು ಯಾವತ್ತಾದ್ರೂ ಇಳ್ದೀಯಾ ಅಂತ. ಇಳೀದೆ ನಾನು ಅವಳಿಗೆ ಏನಂತ ಹೇಳ್ಲಿ?”

ತಿಪ್ಪೇಶಪ್ಪ ಕೇರಿಯ ಕಡೆ ನೋಡಿದ. ಹೆಚ್ಚು ಮಾತಿನವನಲ್ಲ. ಹೆಂಗಸರು ಇಳಿದರೆ ಆಗುವುದರ ಬಗ್ಗೆ ಅವನೂ ಕೇಳಿಕೊಂಡೇ ಬೆಳೆದವನು. “ಮುರುಗೇಶಪ್ಪ ಬಾಯಿಗೆ ಬಂದಂಗೆ ಬೈತಾನೆ” ಎಂದ. ಮುರುಗೇಶಪ್ಪ ಎಂದರೆ ಕೇರಿಯ ಹಿರಿಯ, ಮೊದಲ ಬಲೆ ಬಿಡುವವನು.

“ಬೈಲಿ. ಬೈಗುಳಕ್ಕೆ ಯಾರೂ ಮುಳುಗಲ್ಲ.”

ತಿಪ್ಪೇಶಪ್ಪ ಮನೆಗೆ ಹೋಗಿ ಎರಡು ಖಾಲಿ ಎಣ್ಣೆ ಕ್ಯಾನು ತಂದ. ಮುಚ್ಚಳ ಬಿಗಿದು, ಕೇರಿಯ ಹುಡುಗರಿಗೆ ಈಜು ಕಲಿಸುವಾಗ ಮಾಡುವಂತೆ, ಬಲೆಯ ಹಗ್ಗದಿಂದ ಅವಳ ಬೆನ್ನಿನ ಎರಡೂ ಕಡೆ ಕಟ್ಟಿದ. ಬಲೆಗಳು ಇಲ್ಲದ ಕಡೆ, ಕಲ್ಲುಕಟ್ಟೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಮೊಣಕಾಲಿನವರೆಗಿನ ನೀರು ಪರಿಚಯದ್ದು. ತೊಡೆಗೆ ಬಂದಾಗ ಅದು ಬೇರೆಯವರ ಮನೆಯಂತೆ ಆಯಿತು. ಸೊಂಟಕ್ಕೆ ಬಂದಾಗ ಲಕ್ಷ್ಮಕ್ಕ ಗಂಡನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಸಂಜೆಯವರೆಗೂ ಇತ್ತು. ಎದೆಗೆ ಬಂದಾಗ ಅಳು ಬಂತು. ಅವಳು ಅತ್ತಳು, ಅವನು ನೋಡದವನಂತೆ ಬೇರೆ ಕಡೆ ತಿರುಗಿದ, ಅವತ್ತಿಗೆ ಅಷ್ಟೇ ಆಯಿತು.

ಮರುದಿನವೂ ಹೋದಳು. ಅದರ ಮರುದಿನವೂ. ಕೇರಿಯಲ್ಲಿ ಸುದ್ದಿಯಾಯಿತು. ಆ ವಾರ ಬಲೆಗೆ ಮೀನು ಕಡಿಮೆ ಬಿದ್ದವು. ತೂಬು ಎತ್ತಿದ್ದಾರೆ, ನೀರು ಎಳೆಯುತ್ತಿದೆ, ಅದಕ್ಕೆ ಎಂದರು ಕೆಲವರು. ಕೆಲವರು ಏನೂ ಅನ್ನದೆ ಲಕ್ಷ್ಮಕ್ಕನ ಒದ್ದೆ ಕೂದಲನ್ನು ನೋಡಿದರು. ಮುರುಗೇಶಪ್ಪ ಮಾತ್ರ ನೇರ ಬಂದು, “ತಿಪ್ಪೇಶಿ, ನಿನ್ ಹೆಂಡ್ತಿ ಕಾಲು ಬಡಿಯೋ ಸದ್ದಿಗೆ ಕೆರೆ ಮೀನೆಲ್ಲ ಹೊನ್ನಾಳಿ ಹೊಳೆ ಸೇರ್ಯಾವೆ. ಅಲ್ಲಿಗೇ ಹೋಗಿ ಬಲೆ ಹಾಕು” ಎಂದು ಹೇಳಿ ಹೋದ. ಲಕ್ಷ್ಮಕ್ಕ ಕಾಲು ಬಡಿಯುವುದನ್ನು ನಿಲ್ಲಿಸಲಿಲ್ಲ.

“ತಲೆ ಮ್ಯಾಲೆ ಇಟ್ಕೋ” ಎಂದು ತಿಪ್ಪೇಶಪ್ಪ ಪದೇಪದೇ ಹೇಳುತ್ತಿದ್ದ. “ಬಲೆ ಕಾಣ್ಬೇಕು, ತೆಪ್ಪ ಕಾಣ್ಬೇಕು.”

“ನಾನೇನು ಬಲೆ ಬಿಡಾಕೆ ಬಂದೀನೇನ್ರೀ?”

“ಹಂಗಾದ್ರೂ ಮ್ಯಾಲೇ ಇರ್ಬೇಕು. ನಮ್ಮಪ್ಪ ಹಂಗೇ ಕಲಿಸಿದ್ದು.”

ಮಂಜು ದಟ್ಟವಾಗಿದ್ದ ಒಂದು ಬೆಳಿಗ್ಗೆ ಅವನು ಕ್ಯಾನು ಬಿಚ್ಚಿಟ್ಟು ಅವಳನ್ನು ಅಂಗಾತ ಮಲಗಿಸಿದ. ಅಂಗೈಯನ್ನು ಬೆನ್ನಿನ ಕೆಳಗೆ ಇಟ್ಟಿದ್ದ. ಕಿವಿ ಮುಳುಗಿದವು. ಆ ಕ್ಷಣ ಅವಳಿಗೆ ಹಿಂದೆಂದೂ ಆಗದಷ್ಟು ಅಂಜಿಕೆಯಾಯಿತು, ಲೋಕವೇ ಬಾಗಿಲು ಹಾಕಿಕೊಂಡಂತೆ. ಗಂಡನ ಬಾಯಿ ಅಲುಗುತ್ತಿತ್ತು, ದನಿ ಇರಲಿಲ್ಲ. ಆಮೇಲೆ ನಿಧಾನವಾಗಿ ಬೇರೆ ಸದ್ದುಗಳು ಬಂದವು. ಎಲ್ಲೋ ದೂರದ ಪಂಪಿನ ಗುಂಯ್‌ಗುಡುವಿಕೆ. ಕಲ್ಲಿಗೆ ಕಲ್ಲು ತಾಗುವ ಸಣ್ಣ ಟಿಕ್ ಟಿಕ್. ತನ್ನದೇ ಉಸಿರು, ಯಾರೋ ಪಕ್ಕದ ಕೋಣೆಯಲ್ಲಿ ಮಲಗಿ ಬಿಡುತ್ತಿರುವಂತೆ. ಕಣ್ಣಿನ ಮುಂದೆ ಮಂಜು ಬಿಟ್ಟರೆ ಏನೂ ಇಲ್ಲ. ಮೇಲಿರುವುದು ಆಕಾಶವೋ, ಕೆಳಗಿರುವುದು ಕೆರೆಯೋ, ತಾನು ಜಗಳೂರಿನ ಹುಡುಗಿಯೋ, ಗಂಗೋತ್ರಿಯ ಅವ್ವನೋ ಎಂಬುದು ಕೂಡ ಸರಿಯಾಗಿ ಗೊತ್ತಾಗಲಿಲ್ಲ. ಬೆನ್ನಿನ ಕೆಳಗೆ ಏನೋ ಮೆತ್ತಗೆ ಎತ್ತಿಹಿಡಿದಿತ್ತು. ಗಂಡನ ಕೈ ಅಂದುಕೊಂಡಿದ್ದಳು. ತಲೆ ಹೊರಳಿಸಿ ನೋಡಿದರೆ ಅವನು ಎರಡೂ ಕೈ ಕಟ್ಟಿಕೊಂಡು ಅಷ್ಟು ದೂರದಲ್ಲಿ ನಿಂತಿದ್ದ.

ನೋಡಿದ್ದೇ ತಡ ಮುಳುಗಿದಳು. ಒಂದಿಷ್ಟು ನೀರು ಕುಡಿದಳು. ಎದ್ದು ನಿಂತು ಕೆಮ್ಮುತ್ತ, “ಬಿಡೋಕೆ ಮುಂಚೆ ಹೇಳಬಾರ್ದಾ?” ಎಂದಳು.

“ಹೇಳಿದ್ದೆ. ನಿನ್ ಕಿವಿ ನೀರಾಗೆ ಇತ್ತು.”

ಟೆಸ್ಟಿಗೆ ಮೊದಲಿನ ಭಾನುವಾರ ಮಗಳು ಫೋನು ಮಾಡಿದಳು. ಲಕ್ಷ್ಮಕ್ಕ ಏರಿಯ ಮೇಲೆ ಹೋಗಿ ನಿಂತಳು.

“ನಾನು ಇಳ್ದೆ ಕಣೇ.”

“ಎಲ್ಲಿಗೆ?”

“ಕೆರೆಗೆ. ದಿನಾ ಇಳೀತಾ ಇದೀನಿ. ನಿನ್ ಪ್ಯಾಂಟು ಹಾಕ್ಕೊಂಡು.”

“ಸುಳ್ಳು.”

“ನಿಮ್ಮಪ್ಪನ್ನ ಕೇಳು. ನೀನು ಹೇಳಿದ್ದು ನಿಜ ಐತೆ, ಬಾಳ ಅಂಜಿಕೆ ಆಗ್ತೈತೆ. ಕಿವಿ ಮುಳುಗಿದಾಗಂತೂ ಸತ್ತೇ ಹೋದೆ ಅನ್ನಿಸ್ತೈತೆ. ಆಮೇಲೆ ಏನೋ ಬಂದು ಕೆಳಗಿಂದ ಹಿಡಕಳ್ತೈತೆ. ಅದು ಬರೋ ತಂಕ ಸುಮ್ಕೆ ಇರ್ಬೇಕು, ಅಷ್ಟೇ ಕಷ್ಟ. ನಂಗಿನ್ನೂ ಅಂಜಿಕೆ ಹೋಗಿಲ್ಲ. ಬರ್ಬೇಕು ಅನ್ನಿಸಿದ್ರೆ ಬಾ ಗಂಗಿ. ಮನಸಿನಿಂದ ಹೇಳ್ತಾ ಇದೀನಿ. ಬಂದ್ರೂ ನಾನು ಬಿಡಲ್ಲ, ಮರುದಿನ ಬೆಳಿಗ್ಗೆ ನನ್ ಜೊತೆ ಕೆರೆಗೆ ಇಳೀಬೇಕು. ಅಲ್ಲಿ ಕಲಿತೀಯೋ ಇಲ್ಲಿ ಕಲಿತೀಯೋ ನೀನೇ ನೋಡು. ತಲೆ ಮಾತ್ರ ಮ್ಯಾಲೆ ಇಟ್ಕೋ.”

ಮಗಳು, “ಕ್ಯಾನು ಕಟ್ಕೊಂಡು ಈಜ್ತೀಯೋ, ಬಿಟ್ಟೋ?” ಎಂದಳು.

“ಕಟ್ಕೊಂಡು.”

“ಹಂಗಾದ್ರೆ ಲೆಕ್ಕಕ್ಕಿಲ್ಲ” ಎಂದು ಫೋನಿಟ್ಟಳು.

ಟೆಸ್ಟಿನ ದಿನ ಲಕ್ಷ್ಮಕ್ಕ ಎಂದಿನಂತೆ ರಸ್ತೆ ಬದಿಯಲ್ಲಿ ಕೂತಿದ್ದಳು. ಅವಳ ಕೈ ಕಾಟ್ಲಾ ಮೀನಿನ ಪೊರೆ ಹೆರೆಯುತ್ತಿತ್ತು. ಅವಳು ಅಲ್ಲಿರಲಿಲ್ಲ. ಒಬ್ಬ ಗಿರಾಕಿ ಕಾರಿನಿಂದ ಇಳಿದು ರೇಟು ಕೇಳಿದ್ದಕ್ಕೆ “ಇನ್ನೂ ಧುಮುಕಿಲ್ಲ” ಎಂದುಬಿಟ್ಟಳು. ಗಾದ್ರಮ್ಮ ಅವನಿಗೆ ಮೀನು ಕಟ್ಟಿಕೊಟ್ಟು, ದುಡ್ಡನ್ನು ಲಕ್ಷ್ಮಕ್ಕನ ಸೆರಗಿಗೆ ಗಂಟು ಹಾಕಿ, ಅವತ್ತು ಒಂದು ಮಾತೂ ಆಡಲಿಲ್ಲ.

ಭಾನುವಾರ ಫೋನು ಬಂದಾಗ ವಿಡಿಯೋ ಇತ್ತು. ಮಗಳ ಮೂಗಿನ ತುದಿ ಸುಲಿದಿತ್ತು.

“ಧುಮುಕಿದೆ ಅವ್ವ. ಕಣ್ಣು ಮುಚ್ಕೊಂಡು ಧುಮುಕಿದೆ.”

“ಆಮೇಲೆ?”

“ಆಮೇಲೆ ನೀನು ಹೇಳ್ದಂಗೆ ತಲೆ ಮ್ಯಾಲೆ ಎತ್ಕೊಂಡು ಈಜಿದೆ. ಅರ್ಧ ದಾರಿಗೆ ಕಾಲು ಮುಳುಗಿದವು, ಎಳ್ಕೊಂಡು ಬಂದ್ರು. ನಮ್ ಸಾರು, ‘ಹಿಂಗೆ ಈಜೋಕೆ ಯಾರಮ್ಮ ಕಲಿಸಿದ್ದು, ಯಾರನ್ನ ಹುಡುಕ್ತಾ ಇದೀಯ’ ಅಂದ್ರು. ನಮ್ಮವ್ವ ಕಲಿಸಿದ್ದು ಸಾರ್ ಅಂದೆ. ಎಲ್ರೂ ನಕ್ಕುಬಿಟ್ರು.”

ಪಕ್ಕದಲ್ಲಿ ಕೂತಿದ್ದ ತಿಪ್ಪೇಶಪ್ಪ ಬಲೆಯ ಹರಿದ ಕಣ್ಣನ್ನು ಬಹಳ ಗಮನವಿಟ್ಟು ಹೊಲಿಯತೊಡಗಿದ.

“ಹಂಗಾದ್ರೆ ಪಾಸಾಗ್ಲಿಲ್ವಾ?” ಲಕ್ಷ್ಮಕ್ಕ ಫೋನನ್ನು ಮುಖಕ್ಕೆ ಹತ್ತಿರ ತಂದಳು.

“ಇಲ್ಲ. ರಜೆಗೆ ಮುಂಚೆ ಇನ್ನೊಂದು ಸಲ ಐತೆ. ಆಗ ಆಗ್ತೀನಿ. ಈಗ ಸಂಜೆ ಬೇರೆ ಕ್ಲಾಸು ಹಾಕ್ಯಾರೆ. ಅವ್ವ, ಕೇಳು ಇಲ್ಲಿ. ತಲೆ ಎತ್ತಬಾರ್ದು. ಮುಖ ನೀರಾಗೆ ಇಡ್ಬೇಕು. ಆಗ ಕಾಲು ತಾನಾಗೇ ಮ್ಯಾಲೆ ಬರ್ತವೆ. ಉಸಿರು ನೀರಾಗೇ ಬಿಡ್ಬೇಕು, ಗುಳುಗುಳು ಅಂತ. ನಾಳೆ ನೀನೂ ಮಾಡಿ ನೋಡು.”

“ಮುಖ ಇಡೋದಾ? ನನ್ ಕೈಲಾಗಲ್ಲ ಬಿಡು.”

“ಕ್ಯಾನು ಕಟ್ಕೊಂಡೇ ಮಾಡವ್ವ, ಪರವಾಗಿಲ್ಲ. ಮುಂದಿನ ವಾರ ಕೇಳ್ತೀನಿ ನಾನು” ಎಂದ ಆ ದನಿಯಲ್ಲಿ ಹೊಸದಾಗಿ ಒಂದು ಗತ್ತು ಸೇರಿಕೊಂಡಿತ್ತು.

ಮಾರನೆಯ ಬೆಳಿಗ್ಗೆ ಚಳಿ ಇತ್ತು. ಎದೆಯುದ್ದದ ನೀರಿನಲ್ಲಿ ನಿಂತು ಲಕ್ಷ್ಮಕ್ಕ ಬಹಳ ಹೊತ್ತು ಕೆಳಗೆ ನೋಡಿದಳು. ತಿಪ್ಪೇಶಪ್ಪ ತಾನು ಇಲ್ಲಿ ಏನೂ ಹೇಳುವಂತಿಲ್ಲ ಎಂಬಂತೆ ತೆಪ್ಪದ ಅಂಚು ಹಿಡಿದು ನಿಂತಿದ್ದ. ಅವಳು ಉಸಿರು ಎಳೆದುಕೊಂಡು ಮುಖವನ್ನು ನೀರಿಗೆ ಇಟ್ಟಳು. ಕಣ್ಣು ತೆರೆದಳು. ಒಳಗೆ ತೆಳ್ಳನೆಯ ಹಸಿರು ಬೆಳಕು ಇತ್ತು. ಹೊಂಬಣ್ಣದ ಧೂಳು ಆ ಬೆಳಕಿನಲ್ಲಿ ಎದ್ದೂ ಎದ್ದೂ ಇಳಿಯುತ್ತಿತ್ತು. ಮಗಳು ಹೇಳಿದ ಹಾಗೆ ಉಸಿರು ಬಿಟ್ಟಳು. ಗುಳ್ಳೆಗಳು ಕೆನ್ನೆ ಸವರಿಕೊಂಡು ಮೇಲೆ ಹೋದವು. ಆಮೇಲೆ ಕಾಲುಗಳು, ಯಾರೂ ಹೇಳದೆ, ಕೆಸರು ಬಿಟ್ಟು ಮೇಲೆದ್ದವು.