ಡೆಫಿಶಿಯನ್ಸಿ ಅಂದರೆ ಎಂತ?

ನಾನು ಚಿಕ್ಕವನಿದ್ದಾಗ ಸಂಜೆಯೆಂದರೆ ಹೆದರುತ್ತಿದ್ದೆ. ಅರಂತೋಡಿನ ರಸ್ತೆ ಬದಿಯಲ್ಲಿ ಅಪ್ಪನ ಚಹಾದಂಗಡಿ, ಅದರ ಹಿಂದೆಯೇ ನಮ್ಮ ಮನೆ. ಅಮ್ಮ ತೀರಿಹೋಗಿದ್ದರು. ಏಳನೇ ತರಗತಿಯಲ್ಲಿದ್ದ ಅಕ್ಕನೇ ಅಡುಗೆ ಮಾಡುತ್ತಿದ್ದಳು. ಅವಳು ಏನೇ ಮಾಡಿದರೂ ನಾನು ಗಂಜಿ, ಉಪ್ಪಿನಕಾಯಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಹೊತ್ತು ಮುಳುಗಿತೆಂದರೆ ನನ್ನ ಕಣ್ಣಿಗೆ ಬೂದಿ ಎರಚಿದಂತೆ ಎಲ್ಲವೂ ಮಸುಕಾಗುತ್ತಿತ್ತು. ಎಲ್ಲರಿಗೂ ಹಾಗೆಯೇ ಇರಬೇಕು ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಒಂದು ಸಂಜೆ ಅಂಗಡಿಗೆ ಹಾಲು ತರುತ್ತಿದ್ದೆವು. ದಾರಿಯಲ್ಲಿ ತೋಡಿನ ನೀರು ದಾಟಲು ಮರದ ಸಂಕ, ಅಂದರೆ ಕಿರುಸೇತುವೆ, ಹಾಕಿದ್ದರು. ಅದರ ಮೇಲೆ ನಡೆಯುತ್ತಾ ನಾನು ಅಂಚು ಕಾಣದೆ ಗಾಳಿಗೆ ಕಾಲಿಟ್ಟೆ. ಹಿಂದೆ ಬರುತ್ತಿದ್ದ ಅಕ್ಕ ಅಂಗಿ ಹಿಡಿದು ಎಳೆದಳು. ಹಾಲಿನ ತಂಬಿಗೆ ನೀರು ಪಾಲಾಯಿತು. ಬೈಗುಳ ಬೀಳುತ್ತದೆಂದು ಕುತ್ತಿಗೆ ಕುಗ್ಗಿಸಿ ನಿಂತೆ.

"ಇದು ಎಷ್ಟು ಬೆರಳು, ಹೇಳು?" ಎಂದು ಅಕ್ಕ ಕೇಳಿದಳು.

ನನಗೆ ಅವಳ ಕೈಯೇ ಕಾಣಲಿಲ್ಲ.

ಮರುದಿನ ಅಪ್ಪ ಅಂಗಡಿಯ ಬಾಗಿಲು ತೆರೆಯಲಿಲ್ಲ. ಜ್ವರ ಬಂದಾಗಲೂ ಒಲೆ ಉರಿಸುತ್ತಿದ್ದ ಮನುಷ್ಯ ನಮ್ಮಿಬ್ಬರನ್ನೂ ಸುಳ್ಯದ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಡೀಸೆಲ್ ವಾಸನೆ. ನನ್ನ ಕೈ ಅಪ್ಪನ ಬೆವೆತ ಅಂಗೈಯೊಳಗೆ.

ಡಾಕ್ಟರು ರೆಪ್ಪೆ ಎಳೆದು ಟಾರ್ಚು ಬಿಟ್ಟು ನೋಡಿದರು. "ವಿಟಮಿನ್ ಎ ಡೆಫಿಶಿಯನ್ಸಿ" ಎಂದರು. ಅಷ್ಟು ಉದ್ದದ ಹೆಸರು ಕೇಳಿ ಅಪ್ಪನ ಮುಖ ಬಿಳಿಚಿಕೊಂಡಿತು.

"ಕಣ್ಣು ಹೋಗ್ತದಾ ಡಾಕ್ಟ್ರೇ?"

"ಇಲ್ಲ ಮಾರಾಯ್ರೆ, ಬೇಗ ಬಂದಿದ್ದೀರಿ. ಡೆಫಿಶಿಯನ್ಸಿ ಅಂದ್ರೆ ಕೊರತೆ. ಮೈಗೆ ಬೇಕಾದ್ದು ಬೇಕಾದಷ್ಟು ಇಲ್ಲ ಅಂತ. ಕಮ್ಮಿ ಆದದ್ದನ್ನು ತುಂಬಿಸಿದ್ರೆ ಆಯ್ತು."

ಮೀನಿನ ವಾಸನೆಯ ಔಷಧಿ ಕೊಟ್ಟರು. ದಿನಾ ನುಗ್ಗೆಸೊಪ್ಪು ಮತ್ತು ಬಪ್ಪಂಗಾಯಿ, ಅಂದರೆ ಪಪ್ಪಾಯಿ ಹಣ್ಣು, ತಿನ್ನಬೇಕೆಂದರು. ಎರಡೂ ನಮ್ಮ ಹಿತ್ತಲಲ್ಲೇ ಇದ್ದವು! ಬಸ್ಸಿಗೆ ಕಾಯುವಾಗ ಅಪ್ಪ ನನ್ನ ತಲೆ ಸವರಿ, "ನಾನು ನೋಡ್ಬೇಕಿತ್ತು ಮಗಾ" ಎಂದರು.

ಮನೆಗೆ ಬಂದ ಅಕ್ಕ ಆ ಪದವನ್ನು ಸ್ಲೇಟಿನಲ್ಲಿ ಬರೆದು ಬಾಯಿಪಾಠ ಮಾಡಿದಳು. ಊಟಕ್ಕೆ ಕುಳಿತಾಗ ಅಪ್ಪ ಸಾರಿಗೆ ಉಪ್ಪು ಕೇಳಿದರು. "ಉಪ್ಪಿನ ಡೆಫಿಶಿಯನ್ಸಿಯಾ ಅಪ್ಪಾ?" ಎಂದಳು. ಬೆಳಗಿನಿಂದ ಬಿಗಿದಿದ್ದ ಅಪ್ಪನ ಮುಖ ಸಡಿಲಾಗಿ ನಗು ಬಂತು. ನಾನು ಮೂಗು ಮುಚ್ಚಿಕೊಂಡು ನುಗ್ಗೆಸೊಪ್ಪಿನ ಪಲ್ಯ ನುಂಗಿದೆ.

ಕೆಲವೇ ದಿನಗಳಲ್ಲಿ, ಒಂದು ಮುಸ್ಸಂಜೆ, ಅಂಗಳದಾಚೆ ಬಟ್ಟೆ ತೆಗೆಯುತ್ತಿದ್ದ ಅಕ್ಕನ ಜಡೆಯ ಕೆಂಪು ರಿಬ್ಬನ್ ನನಗೆ ಸ್ಪಷ್ಟವಾಗಿ ಕಾಣಿಸಿತು. ಓಡಿಹೋಗಿ ಅವಳನ್ನು ಅಪ್ಪಿಕೊಂಡೆ.

ಮಕ್ಕಳೇ, ಮೊನ್ನೆ ನಿಮ್ಮ ರಕ್ತಪರೀಕ್ಷೆಯ ವರದಿ ಮೊಬೈಲಿಗೇ ಬಂತು. ಯಾವುದು ಎಷ್ಟು ಕಮ್ಮಿ ಎಂದು ಸಾಲುಸಾಲಾಗಿ ಬರೆದಿತ್ತು. ಸಂಜೆಯೊಳಗೆ ಮಾತ್ರೆಯೂ ಮನೆಗೆ ಬಂತು. ನಿಮ್ಮ ಕಾಲ ಒಳ್ಳೆಯದು, ನನಗೆ ಸಂತೋಷವೇ. ಆದರೆ ನನ್ನ ಕೊರತೆಯನ್ನು ಕಂಡುಹಿಡಿದದ್ದು, ನೀರು ಪಾಲಾದ ಹಾಲನ್ನು ಮರೆತು ನನ್ನ ಕಣ್ಣನ್ನೇ ನೋಡಿದ ಹನ್ನೆರಡು ವರ್ಷದ ಒಬ್ಬ ಹುಡುಗಿ.