ಗೂಳಿಗೆ ಬಿದ್ದ ಚಪ್ಪಲಿ

ಕುಸ್ತಿಯ ಕಣದಲ್ಲಿ ಮೂವತ್ತು ವರ್ಷ ಖಳನಾಗಿಯೇ ಹೊಟ್ಟೆ ಹೊರೆದ ಪೈಲ್ವಾನ ಗೂಳಿಯ ಕತ್ತು ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ಅವನ ದರ್ಜಿಗೇ ಇನ್ನೂ ಗೊತ್ತಾಗಿಲ್ಲ. ಅವನು ಒಮ್ಮೆ ಗುರ್ ಎಂದರೆ ಮೂರನೇ ಸಾಲಿನವರ ಕೈಯಲ್ಲಿದ್ದ ಕಡಲೆಕಾಯಿ ಹೆದರಿ ತಾನೇ ಸಿಪ್ಪೆ ಬಿಡುತ್ತಿತ್ತು. ರೆಫರಿ ಅತ್ತ ತಿರುಗಿದರೆ ಎದುರಾಳಿಯ ಕಣ್ಣಿಗೆ ಬೆರಳು, ಇತ್ತ ತಿರುಗಿದರೆ ಕೈಮುಗಿದುಕೊಂಡ ಸಾಧು. ಜನ ಬೈಯುವಷ್ಟು ದಿನವೇ ತನಗೆ ಕೆಲಸ, ಚಪ್ಪಾಳೆ ಬಿದ್ದರೆ ಮನೆಗೆ ಹೋಗುವುದೇ ಗತಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊನ್ನೆ ಅವನು ಮಂಡಿ ಹಿಡಿದುಕೊಂಡು ಕಣ ಹತ್ತುವುದನ್ನು ಕಂಡು ಜನ, “ಪಾಪ, ವಯಸ್ಸಾಯ್ತು ಕಣ್ರೀ” ಎಂದು ಚಪ್ಪಾಳೆ ತಟ್ಟಿಯೇಬಿಟ್ಟರು. ಯಾರ ಗುದ್ದಿಗೂ ಜಗ್ಗದ ಗೂಳಿ ಆ ಸದ್ದಿಗೆ ಬಿಳುಚಿಕೊಂಡ. ಮೊದಲ ಪಂದ್ಯದಿಂದಲೂ ಮುಂದಿನ ಸಾಲಿನಲ್ಲೇ ಕೂತು ಅವನನ್ನು ಶಪಿಸುತ್ತ ಬಂದಿದ್ದ ಮುದುಕಿ ಟೀಚರಮ್ಮ ತಟ್ಟನೆ ಎದ್ದು, “ಯಾರ್ರೀ ಅದು ಚಪ್ಪಾಳೆ ತಟ್ಟೋದು? ನಾಚ್ಕೆ ಆಗಲ್ವಾ? ಲೋ ಗೂಳಿ, ಮುಠ್ಠಾಳ, ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಾಕ!” ಎಂದು ಚಪ್ಪಲಿ ಬೀಸಿದರು. ಅದು ನೇರ ಅವನ ಮೂಗಿಗೆ ಬಿತ್ತು. ಜನಕ್ಕೆ ಹಳೆಯ ಹುರುಪು ಮರಳಿ, ಬೈಗುಳದ ಅಬ್ಬರಕ್ಕೆ ಚಾವಣಿಯ ತಗಡು ಕಿತ್ತುಹೋಗುವಂತಾಯಿತು. ಗೂಳಿ ಸಂತೋಷದಿಂದ ರೆಫರಿಯ ಕಿವಿ ಕಚ್ಚಿದ. ಪಂದ್ಯ ಮುಗಿದ ಮೇಲೆ, ಆ ಚಪ್ಪಲಿಯ ಕಿತ್ತ ಬಾರನ್ನು ತನ್ನ ಬೂಟು ಹೊಲಿಯುವ ಕೆಂಪು ದಾರದಿಂದ ಹೊಲಿದು, ಬಾಗಿಲು ಕಾಯುವವನ ಕೈಗಿತ್ತ: “ಅಮ್ಮನಿಗೆ ಕೊಟ್ಬಿಡಪ್ಪ. ಗಟ್ಟಿಯಾಗಿ ಹೊಲ್ದಿದೀನಿ ಅನ್ನು. ಮುಂದಿನ ವಾರಕ್ಕೆ ಬೇಕಾಗುತ್ತೆ.”