ಹನ್ನೊಂದು ಮಂದಿ ಅಮರೇಶರು

ತೊಂಬತ್ತರ ದಶಕದ ಕೊನೆಗೆ ಸಿಂಧನೂರಿನಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಅಂಗಡಿಗಳ ಪ್ರಚಾರದ ಕೆಲಸ ಮಾಡುತ್ತಿದ್ದೆ. ಮಸ್ಕಿಯ ಬೀಜದಂಗಡಿ ಸಾಹುಕಾರರು ಗಿರಾಕಿಗಳ ಪಟ್ಟಿ ಕೊಟ್ಟು, ಎಲ್ಲರಿಗೂ ಯುಗಾದಿ ಕಾರ್ಡು ಕಳಿಸಲು ಹೇಳಿದರು. ಪಟ್ಟಿಯಲ್ಲಿ ಇದ್ದದ್ದು ಹೆಸರು, ಊರು ಎರಡೇ. ಜವಳಗೇರಾದ ಅಮರೇಶನ ಹೆಸರು ಹನ್ನೊಂದು ಸಲ ಬಂದಿತ್ತು. ಅಂಗಡಿಯ ಗುಮಾಸ್ತನ ತಪ್ಪೆಂದು ಒಂದನ್ನುಳಿಸಿ ಮಿಕ್ಕವನ್ನು ಅಳಿಸಿದೆ.

ಹಬ್ಬ ಮುಗಿದ ಮೇಲೆ ಸಾಹುಕಾರರೇ ಬಂದರು. "ಹತ್ತು ಮಂದಿ ಸಿಟ್ಟಾಗಿ ಎದುರಿನ ಅಂಗಡಿಗೆ ಹೋಗ್ಯಾರ್ರೀ. ಅವಂಗ ಕಾರ್ಡ್ ಬಂದೈತಿ, ನಮಗ್ಯಾಕಿಲ್ಲ ಅಂತಾರ."

"ಹೆಸರು ಒಂದ ಅದಾವಂತ ಕಂಪ್ಯೂಟರ್ ತಗದು ಹಾಕೈತ್ರಿ," ಎಂದೆ.

"ಅದು ಪರದೇಶದ ಮಷೀನು, ಬಿಡ್ರಿ. ನಮ್ಮ ಕಡೆ ಮನಿಗೊಬ್ಬಂಗ ಅಮರೇಶ್ವರನ ಹೆಸರು ಇಡ್ತಾರಂತ ನಿಮಗೂ ಗೊತ್ತಿಲ್ಲೇನ್ರಿ?"

ಗೊತ್ತಿಲ್ಲ ಎನ್ನುವಂತಿರಲಿಲ್ಲ. ನಾನೂ ಅಮರೇಶನೇ, ನಮ್ಮ ಓಣಿಯಲ್ಲಿ ಮೂರನೆಯವ.